ಭಾನುವಾರಕ್ಕೆ ‘ಅವತಾರ್’ ಒಳ್ಳೆಯದೋ ‘ತಿಥಿ’ಯೋ?

ಮಂಡ್ಯದಲ್ಲಿ ಭಾನುವಾರ ಸಂಜೆಗೆ ಒಂದೇ ಚಿತ್ರ ಆರಿಸಿಕೊಳ್ಳಬೇಕಾದವರು ‘ಅವತಾರ್’ (2009) ಮತ್ತು ‘ತಿಥಿ’ (2015) ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಛಾಯಾಗ್ರಹಣವೂ ಸೇರಿ 3 ಆಸ್ಕರ್ ಪಡೆದ ‘ಅವತಾರ್‌’ನಲ್ಲಿ ಹೊಳೆಯುವ ಕಾಡು, ತೇಲುವ ಬೆಟ್ಟಗಳು ಕಣ್ಣು ತುಂಬುತ್ತವೆಯಾದರೂ, ಭೂಮಿಯಿಂದ ಆ ಬೇರೆ ಲೋಕಕ್ಕೆ ಬಂದ ಸೈನಿಕ ಅಲ್ಲಿಯ ಹುಡುಗಿಯನ್ನು ಪ್ರೀತಿಸಿ, ಆ ಜನರ ನಾಯಕನಾಗಿ ತನ್ನವರ ವಿರುದ್ಧವೇ ಹೋರಾಡುತ್ತಾನೆಂಬುದು ಬಹಳ ಬೇಗ ತಿಳಿದುಬಿಡುವುದರಿಂದ, ಉಳಿದ ಹೊತ್ತು ದೃಶ್ಯವನ್ನೇ ನೆಚ್ಚಿಕೊಂಡು ಕೂರಬೇಕಾಗುತ್ತದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆ ಕಲಿಯದ ಹಳ್ಳಿಯವರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ಯಲ್ಲಿ ಅಂಥ ವೈಭವವಿಲ್ಲ, ಆದರೆ ಸೆಂಚುರಿ ಗೌಡ ಸತ್ತ ಮೇಲೆ ಮಗ ಗಡ್ಡಪ್ಪ ಜಮೀನಿನ ಗೊಡವೆಯೇ ಬೇಡವೆಂದು ಅಲೆಯುತ್ತಿರುವಾಗ, ಅದನ್ನು ಮಾರಲು ಮೊಮ್ಮಗ ತಮ್ಮಣ್ಣ ಹೂಡುವ ಆಟ (ಬದುಕಿರುವ ಅಪ್ಪನ ಮರಣಪತ್ರ ಮಾಡಿಸುವುದೂ ಸೇರಿ!) ಎಲ್ಲಿಗೆ ಮುಟ್ಟೀತೆಂದು ಊಹಿಸಲಾಗದು. ದೊಡ್ಡ ಪರದೆ ಸಿಕ್ಕರೆ ಮೊದಲನೆಯದು ಸರಿ. ಮನೆಯ ಟೀವಿಗೆ ‘ತಿಥಿ’ಯೇ ಆಗಬೇಕು.