ಗೋಡೆಯೊಳಗಿನ 25 ಎಂಎಂ ಮೀಡಿಯಂ ಪೈಪ್: ಮೈಸೂರು ಕಡೆಯ ಮನೆಗಳಿಗೆ ಹೇಗಿದೆ?

ಕರೆಂಟ್ ವೈರ್ ಹಾಯಿಸುವ ಪಿವಿಸಿ ಕಂಡ್ಯೂಟ್ ಪೈಪ್, 25 ಎಂಎಂ, ಮೀಡಿಯಂ ದರ್ಜೆ, 3 ಮೀಟರ್ ಉದ್ದ. ನಮ್ಮ ಅಂಕ 5ಕ್ಕೆ 4. ಕಡಿಮೆಯಾದ ಒಂದು ಅಂಕ ಪೈಪಿನ ತಪ್ಪಿಗಲ್ಲ, ಅದರ ಜೊತೆ ಅಂಗಡಿಯವರು ಕಟ್ಟಿ ಕಳಿಸುವ ಬೆಂಡುಗಳಿಗೆ (ತಿರುವಿನ ತುಂಡುಗಳಿಗೆ).

ಬೋಗಾದಿ, ದಟ್ಟಗಳ್ಳಿ, ವಿಜಯನಗರ ನಾಲ್ಕನೇ ಹಂತದ ಕಡೆ ಎಷ್ಟೋ ಮನೆಗಳ ಕಂಟ್ರಾಕ್ಟು ಚದರದ ಲೆಕ್ಕ, ಮೆಟೀರಿಯಲ್ ಸಮೇತ. ಒಪ್ಪಂದದಲ್ಲಿ ವೈರಿನ ಕಂಪನಿ, ಸ್ವಿಚ್ಚಿನ ಕಂಪನಿ ಹೆಸರು ಹಿಡಿದು ಬರೆದಿರುತ್ತಾರೆ. ಪೈಪಿನ ಜಾಗದಲ್ಲಿ ಮಾತ್ರ ‘ಐಎಸ್‌ಐ ಪೈಪ್’ ಅಂತ ಎರಡೇ ಪದ. 20 ಎಂಎಂ ಲೈಟ್ ದರ್ಜೆಯ ತೆಳು ಪೈಪ್ ಒಳಗೆ ಬರುವುದು ಈ ಬಾಗಿಲಿಂದಲೇ. ಅದಕ್ಕೂ ಐಎಸ್‌ಐ ಮಾರ್ಕ್ ಇರುತ್ತದೆ, ಹಾಗಾಗಿ ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ. ಸ್ವಿಚ್ ಹಿಡಿಸದಿದ್ದರೆ ಬದಲಾಯಿಸಬಹುದು, ವೈರನ್ನು ಎಳೆದು ಹೊಸದು ಹಾಕಬಹುದು. ಪೈಪಿಗೆ ಗೋಡೆ ಒಡೆಯಬೇಕು. ಮೋಲ್ಡಿನೊಳಗೆ (ಸೂರಿನ ಕಾಂಕ್ರೀಟಿನೊಳಗೆ) ಹೋದದ್ದಾದರೆ ಆ ದಾರಿಯೂ ಇಲ್ಲ.

ದರ್ಜೆ ಅಂದರೆ ಏನು? ಭಾರತೀಯ ಮಾನಕ ಐಎಸ್ 9537 ಭಾಗ 3ರ ಪ್ರಕಾರ ಪೈಪಿನ ಮೇಲೆ ಭಾರ ಹೇರಿ ಪರೀಕ್ಷಿಸುತ್ತಾರೆ. ಲೈಟಿಗೆ 320 ನ್ಯೂಟನ್, ಮೀಡಿಯಮ್ಮಿಗೆ 750, ಹೆವಿಗೆ 1250. ಕೆಜಿ ಲೆಕ್ಕದಲ್ಲಿ ಲೈಟ್ ಸುಮಾರು 32, ಮೀಡಿಯಂ ಸುಮಾರು 76. ಮೋಲ್ಡ್ ಹಾಕುವ ದಿನ ಬಾಂಡ್ಲಿ ಹೊತ್ತ ಆಳು ಪೈಪಿನ ಮೇಲೆ ಕಾಲಿಡದೆ ಓಡಾಡುವುದು ಅಸಾಧ್ಯ, ಅವರ ತೂಕಕ್ಕೆ ಲೈಟ್ ಪೈಪ್ ಅಪ್ಪಚ್ಚಿ. ಅಪ್ಪಚ್ಚಿಯಾದದ್ದು ಗೊತ್ತಾಗುವುದು ತಿಂಗಳುಗಳ ನಂತರ, ವೈರ್ ಎಳೆಯುವಾಗ.

ಇನ್ನೊಂದು ತಿಳಿದಿರಲಿ. 25 ಎಂಎಂ ಎನ್ನುವುದು ಹೊರಗಿನ ಅಳತೆ. ಮೂರು ದರ್ಜೆಗೂ ಹೊರಗಿನ ಅಳತೆ ಒಂದೇ, ಪೈಪಿನ ಗೋಡೆ ದಪ್ಪವಾದಷ್ಟೂ ಒಳಗಿನ ಜಾಗ ಕಮ್ಮಿ. ಅದಕ್ಕೇ ಮನೆಗೆ ಹೆವಿ ಬೇಡ ಎನ್ನುತ್ತೇವೆ. ದುಡ್ಡೂ ಜಾಸ್ತಿ, ಜಾಗವೂ ಕಮ್ಮಿ. ಬಣ್ಣ ನೋಡಿ ದರ್ಜೆ ಹೇಳಲಾಗದು, ಕಪ್ಪು ಪೈಪ್ ಗಟ್ಟಿ ಎಂಬುದು ಬರೀ ನಂಬಿಕೆ. ಪೈಪಿನ ಮೈಮೇಲಿನ ಅಚ್ಚು ಓದಿ: ಐಎಸ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಅಳತೆ, ದರ್ಜೆ. ತುಂಡೊಂದನ್ನು ಒಳಗೆ ಬಗ್ಗಿಸುವ ಸ್ಪ್ರಿಂಗ್ ಹಾಕಿ ಬಗ್ಗಿಸಿದಾಗ ತಿರುವು ಬೆಳ್ಳಗಾಗಿ ಚಟ್ ಎಂದರೆ ಆ ಲೋಡು ವಾಪಸ್ ಕಳಿಸಿ. ತಾರಸಿ ಮೇಲೆ ವಾರಗಟ್ಟಲೆ ಬಿಸಿಲಿಗೆ ಬಿದ್ದ ಒಳ್ಳೆ ಪೈಪಿಗೂ ಇದೇ ಗತಿ, ನೆರಳಲ್ಲಿ ಇಡಿಸಿ.

20ಕ್ಕೂ 25ಕ್ಕೂ ವ್ಯತ್ಯಾಸ ಬರೀ 5 ಎಂಎಂ ಅಲ್ಲವೇ ಎಂದು ಎಲೆಕ್ಟ್ರಿಷಿಯನ್ ಕೇಳಿದರೆ ಈ ಲೆಕ್ಕ ಕೊಡಿ. ಬೆಂಡ್ ಇರುವ 20 ಎಂಎಂ ಪೈಪಿನಲ್ಲಿ 1.5 ಚದರ ಎಂಎಂ ವೈರ್ 4 ಮಾತ್ರ ಸಲೀಸು, 25ರಲ್ಲಿ 8. 2.5ರ ವೈರಾದರೆ 3 ಮತ್ತು 6. 4ರ ವೈರಾದರೆ 2 ಮತ್ತು 5. ಎಸಿ ಪಾಯಿಂಟಿಗೆ 4ರ ವೈರಿನಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಹೋಗಬೇಕು, 20 ಎಂಎಂ ಅಲ್ಲೇ ಸೋತಿತು. ಸೋತರೂ ತುರುಕುತ್ತಾರೆ. ಬಲವಾಗಿ ಎಳೆದಾಗ ಬೆಂಡಿನ ಅಂಚಿಗೆ ಉಜ್ಜಿ ವೈರಿನ ಸಿಪ್ಪೆ ಕೀಳುತ್ತದೆ, ಮೊದಲ ಮಳೆಗಾಲಕ್ಕೆ ಗೋಡೆ ತೇವ ಹಿಡಿದಾಗ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳಲು ಶುರು. ಎಳೆಯುವುದು ಕಷ್ಟವಾದರೆ ಸೋಪ್‌ಸ್ಟೋನ್ ಪುಡಿ ಸವರಲಿ, ಎಣ್ಣೆ ಬೇಡ.

ಇನ್ನು ಗೋಡೆ. 25 ಎಂಎಂ ಪೈಪಿನ ನಿಜವಾದ ತೊಡಕು ಇರುವುದು ಇಲ್ಲೇ. ರೂಮುಗಳ ನಡುವೆ ಹಾಕುವ 4 ಇಂಚಿನ ಸಾಲಿಡ್ ಬ್ಲಾಕ್ ಗೋಡೆ 100 ಎಂಎಂ. ಗೋಡೆಯಲ್ಲಿ ನೇರ ಮೇಲಿಂದ ಕೆಳಕ್ಕೆ ಕೊರೆಯುವ ಗಾಡಿಯ (ಪೈಪ್ ಕೂರುವ ಕಾಲುವೆಯ) ಆಳ ಗೋಡೆ ದಪ್ಪದ ಮೂರನೇ ಒಂದು ಭಾಗ ಮೀರಬಾರದು, ಅಡ್ಡಡ್ಡ ಕೊರೆದರೆ ಆರನೇ ಒಂದು ಭಾಗ. ಅಂದರೆ ಉದ್ದಕ್ಕೆ 33 ಎಂಎಂ: ಪೈಪ್ ಕೂತು, ಮೇಲೆ ಚೂರು ಗಾರೆ, ಆಮೇಲೆ 12 ಎಂಎಂ ಪ್ಲಾಸ್ಟರಿಂಗ್ ಸರಿಹೋಗುತ್ತದೆ. ಅಡ್ಡಕ್ಕೆ ಸಿಗುವುದು 16 ಎಂಎಂ, 20ರ ಪೈಪ್ ಕೂಡ ಮುಚ್ಚುವುದಿಲ್ಲ. ಆದ್ದರಿಂದ 4 ಇಂಚಿನ ಗೋಡೆಯಲ್ಲಿ ಅಡ್ಡ ಗಾಡಿ ಬೇಡವೇ ಬೇಡ. ಪ್ರತಿ ಬೋರ್ಡಿಗೂ ಮೋಲ್ಡಿನಿಂದಲೇ ಪೈಪ್ ಇಳಿಯಲಿ. ಎರಡು ಪೈಪ್ ಇದ್ದರೆ ಪಕ್ಕಪಕ್ಕ ಮಲಗಲಿ, ಒಂದರ ಮೇಲೊಂದು ಅಲ್ಲ.

ಬೋರ್ಡಿನ ಕಬ್ಬಿಣದ ಬಾಕ್ಸ್ ಎರಡಿಂಚಿನ ಆಸುಪಾಸು ಆಳ. 4 ಇಂಚಿನ ಗೋಡೆಗೆ ಎರಡೂ ಕಡೆಯಿಂದ ಒಂದೇ ಜಾಗದಲ್ಲಿ ಬಾಕ್ಸ್ ಕೂರಿಸಿದರೆ ಈ ರೂಮಿನ ಮಾತು ಆ ರೂಮಿಗೆ ಕೇಳುತ್ತದೆ. ಒಂದಡಿ ಸರಿಸಿ ಹಾಕಿಸಿ.

ಕಟಿಂಗ್ ಮೆಷಿನ್‌ನಲ್ಲೇ ಎರಡು ಗೆರೆ ಹೊಡೆದು ನಡುವಿನದನ್ನು ಉಳಿಯಲ್ಲಿ ತೆಗೆಯಲಿ. ಬರೀ ಉಳಿ ಸುತ್ತಿಗೆಯಲ್ಲಿ ಹೊಡೆದರೆ 4 ಇಂಚಿನ ಗೋಡೆ ಅದುರಿ ಬ್ಲಾಕಿನ ಸಂದು ಬಿಡುತ್ತದೆ. ಗಾಡಿಯ ಧೂಳು ತೆಗೆದು, ನೀರು ಚಿಮುಕಿಸಿ, 1:3 ಗಾರೆ ತುಂಬಿ, ಎರಡೂ ಬದಿಗೆ ಮೂರಿಂಚು ಹಾಯುವಂತೆ ಚಿಕನ್ ಮೆಶ್ ಹೊಡೆದ ಮೇಲೆಯೇ ಪ್ಲಾಸ್ಟರಿಂಗ್. ಮೆಶ್ ಹಾಕದೆ ಬಿಟ್ಟ ಮನೆಗಳಲ್ಲಿ ಪೇಂಟ್ ಆದ ಮೇಲೆ ಪೈಪ್ ಇಳಿದ ದಾರಿಯೆಲ್ಲ ಬಿರುಕಾಗಿ ಮೂಡುತ್ತದೆ.

ಅಂಕ ಕಳೆದ ಬೆಂಡುಗಳ ವಿಷಯ. ಪೈಪ್ ಮೀಡಿಯಂ ಕೊಟ್ಟು, ಬೆಂಡು ಮತ್ತು ಕಪ್ಲಿಂಗ್ ಯಾವುದೋ ತೆಳ್ಳನೆಯದು ಕೊಡುವುದು ರೂಢಿ. ಹೊರಗಿನ ಅಳತೆ ಒಂದೇ ಆದ್ದರಿಂದ ಎಲ್ಲವೂ ಎಲ್ಲಕ್ಕೂ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಚೌಕ ಮೂಲೆಯ ಎಲ್ಬೋ ಗೋಡೆಯೊಳಗೆ ಕಾಲಿಡಬಾರದು, ಅಲ್ಲಿ ವೈರ್ ತಿರುಗುವುದೇ ಇಲ್ಲ. ಸಾಧ್ಯವಾದಲ್ಲೆಲ್ಲ ಪೈಪನ್ನೇ ಸ್ಪ್ರಿಂಗ್ ಹಾಕಿ ಮೂರಿಂಚಿಗೆ ಕಮ್ಮಿಯಿಲ್ಲದ ತಿರುವಿಗೆ ಬಗ್ಗಿಸಲಿ. ಒಳಅಳತೆ ಬೇರೆಯಾದ್ದರಿಂದ ಲೈಟ್ ಪೈಪಿನ ಸ್ಪ್ರಿಂಗ್ ಮೀಡಿಯಮ್ಮಿಗೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಮೀಡಿಯಮ್ಮಿನದು ಲೈಟಿನಲ್ಲಿ ಸಡಿಲವಾಗಿ ಪೈಪ್ ಚಪ್ಪಟೆಯಾಗುತ್ತದೆ. ಕಾಗದ ಉರಿಸಿ ಬಗ್ಗಿಸುವವರನ್ನು ತಡೆಯಿರಿ. ಎರಡು ಬಾಕ್ಸ್‌ಗಳ ನಡುವೆ ತಿರುವು ಎರಡೇ, ಮೂರನೆಯದು ಬಂದರೆ ನಡುವೆ ಜಂಕ್ಷನ್ ಬಾಕ್ಸ್.

ಮೋಲ್ಡಿನಲ್ಲಿ ಪೈಪ್ ಕೆಳಗಿನ ಕಂಬಿಯ ಮೇಲೆ ಇರಬೇಕು, ಸೆಂಟ್ರಿಂಗ್ ಹಲಗೆಗೆ ತಾಗಬಾರದು. ಪಕ್ಕದ ಪೈಪಿಗೆ ಅಂಟಿಸದೆ 20 ಎಂಎಂ ಜಲ್ಲಿ ಇಳಿಯುವಷ್ಟು ಜಾಗ ಬಿಡಲಿ. ಪ್ರತಿ ಜಾಯಿಂಟಿಗೂ ಗಮ್ ಹಾಕಲಿ. ಬರೀ ತುರುಕಿಟ್ಟ ಜಾಯಿಂಟು ವೈಬ್ರೇಟರ್ ಅದುರಿಗೆ ಬಿಟ್ಟು, ಸಿಮೆಂಟ್ ಹಾಲು ಒಳಗಿಳಿದು ಪೈಪ್ ಮುಚ್ಚಿಹೋಗುತ್ತದೆ. ಇಳಿಸಿದ ಪೈಪಿನ ಬಾಯಿಗೆ ಕಾಗದ ತುರುಕುವ ಬದಲು ಟೇಪ್ ಸುತ್ತಿದ ಕ್ಯಾಪ್ ಹಾಕಿಸಿ.

ಎಷ್ಟು ಪೈಪ್ ಬೇಕು? ಸೂರು 10 ಅಡಿ, ಬೋರ್ಡ್ 4 ಅಡಿ ಎತ್ತರ ಎಂದರೆ ಇಳಿಕೆಗೇ 6 ಅಡಿ. 10 ಅಡಿಯ ಒಂದು ಪೈಪಿನಲ್ಲಿ ಒಂದೇ ಇಳಿಕೆ, ಉಳಿದ 4 ಅಡಿ ಮೋಲ್ಡಿನೊಳಗೆ. ಮೊದಲು ಇಳಿಕೆಗಳನ್ನು ಎಣಿಸಿ, ಆಮೇಲೆ ಮೋಲ್ಡಿನ ಉದ್ದ ಅಳೆಯಿರಿ. ಪಾಯಿಂಟ್ ಲೆಕ್ಕದಲ್ಲಿ ಅಂದಾಜು ಹಾಕಿದರೆ ಪೈಪ್ ಸಾಲದೆ ಬರುವುದು ಖಾತ್ರಿ.

ಪಿವಿಸಿ ಪೈಪ್ ಕರೆಂಟ್ ಒಯ್ಯದು, ಹಾಗಾಗಿ ಪ್ರತಿ ಕಬ್ಬಿಣದ ಬಾಕ್ಸಿಗೂ ಹಸಿರು ವೈರ್ ಬೇರೆಯಾಗಿ ತಲುಪಲೇಬೇಕು. ಬಾಕ್ಸಿನ ಅರ್ತ್ ಸ್ಕ್ರೂ ಖಾಲಿ ಇದ್ದರೆ ಪೂರ್ತಿ ಬಿಲ್ ಕೊಡಬೇಡಿ. ಸ್ವಿಚ್ ಕೂರಿಸುವ ಮೊದಲು 500 ವೋಲ್ಟ್ ಮೆಗ್ಗರ್ (ವೈರಿನ ಸಿಪ್ಪೆ ಸರಿಯಿದೆಯೇ ಎಂದು ಅಳೆಯುವ ಮೀಟರ್) ಹಚ್ಚಿ 1 ಮೆಗಾ ಓಮ್‌ಗಿಂತ ಕಮ್ಮಿ ಬಂದ ಲೈನನ್ನು ಬಿಚ್ಚಿಸಿ.

20 ಎಂಎಂ ಪೂರ್ತಿ ದಂಡವೇನಲ್ಲ. ಕಾಲಿಂಗ್ ಬೆಲ್, ಒಂಟಿ ಗೋಡೆ ದೀಪ, ಮೆಟ್ಟಿಲ ದೀಪಕ್ಕೆ ಧಾರಾಳವಾಗಿ ಸಾಕು, ಅದೂ ಮೀಡಿಯಂ ಆಗಿರಲಿ. ಒಪ್ಪಂದದಲ್ಲಿ ಹೀಗೆ ಬರೆಸಿ: ‘ಮೋಲ್ಡ್ ಮತ್ತು ಬೋರ್ಡ್ ಇಳಿಕೆ 25 ಎಂಎಂ ಮೀಡಿಯಂ, ಬೆಂಡ್ ಮತ್ತು ಕಪ್ಲಿಂಗ್ ಅದೇ ಕಂಪನಿ, ಅದೇ ದರ್ಜೆ.’