ಕೊಡಗಿನ ಮನೆಗೆ ವಿನೈಲ್ ಶೀಟ್ ನೆಲಹಾಸು: ಮಹಡಿಗೆ ಸೈ, ಕೆಳಗಿನ ಕೋಣೆಗೆ ಎಚ್ಚರ

ಸುರುಳಿಯಾಗಿ ಬರುವ ಪ್ಲಾಸ್ಟಿಕ್ ನೆಲಹಾಸಾದ ವಿನೈಲ್ ಶೀಟ್ ಟೈಲ್ಸ್‌ಗಿಂತ ಅಗ್ಗ, ಕಾಲಿಗೆ ತಣ್ಣಗೆ ಹೊಡೆಯುವುದಿಲ್ಲ, ಒಂದೇ ದಿನದಲ್ಲಿ ಕೋಣೆ ಮುಗಿಯುತ್ತದೆ. ಮಹಡಿಯ ಕೋಣೆಗಳಿಗೆ ಧೈರ್ಯವಾಗಿ ಹಾಕಿಸಿ. ಮಡಿಕೇರಿ, ಭಾಗಮಂಡಲ ಕಡೆಯ ಹಳೆಯ ಮನೆಗಳ ಕೆಳಗಿನ ಕೋಣೆಗಳಲ್ಲಿ ಮಾತ್ರ ತೇವ ಪರೀಕ್ಷಿಸದೆ ಅಂಟಿಸಲೇಬಾರದು.

ದೂರುಗಳೆಲ್ಲ ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲೇ ಶುರುವಾಗುತ್ತವೆ: ಅಲ್ಲಲ್ಲಿ ಉಬ್ಬು, ಎದ್ದ ಅಂಚು, ಮುಗ್ಗಲು ವಾಸನೆ. ಶೀಟ್ ಕಳಪೆ ಎನ್ನುವ ಮೊದಲು ಒಂದು ಅಂಚು ಎತ್ತಿ ಅಂಟನ್ನು ಮುಟ್ಟಿ ನೋಡಿ. ಅದು ಲೋಳೆಯಾಗಿದ್ದರೆ, ಸುತ್ತ ಬಿಳಿ ಪುಡಿ ಕಂಡರೆ, ತಪ್ಪು ಶೀಟಿನದಲ್ಲ. ಹಳೆಯ ರೆಡ್ ಆಕ್ಸೈಡ್ ನೆಲದ ಅಡಿಯಲ್ಲಿ ಸಾಮಾನ್ಯವಾಗಿ ತೇವ ತಡೆಯುವ ಪದರ ಇರುವುದಿಲ್ಲ. ಮಣ್ಣಿನ ತೇವ ಸಿಮೆಂಟಿನ ಕ್ಷಾರವನ್ನು ಹೊತ್ತು ಮೇಲೇರುತ್ತದೆ. ವಿನೈಲ್ ಆವಿಯನ್ನು ಹೊರಗೆ ಬಿಡದ್ದರಿಂದ ಅದು ಅಲ್ಲೇ ನಿಂತು ಅಂಟನ್ನು ಕೆಡಿಸುತ್ತದೆ. ಅಂತಹ ನೆಲಕ್ಕೆ ಮತ್ತೆ ಅಂಟು ಬಳಿದರೆ ಮುಂದಿನ ಮಳೆಗೆ ಮತ್ತೆ ಏಳುತ್ತದೆ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರಿ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ 24 ಗಂಟೆ ಬಿಡಿ. ಒಳಗೆ ಹನಿ ಕಂಡರೆ, ನೆಲದ ಬಣ್ಣ ಗಾಢವಾದರೆ, ಅಂಟಿಸುವುದು ಬೇಡ. ಎಪಾಕ್ಸಿ ತೇವತಡೆ ಬಳಿಸಿ, ಇಲ್ಲವೇ ಟೈಲ್ಸ್ ಹಾಕಿಸಿ. ಮಾರ್ಚ್‌ನಲ್ಲಿ ಮಾಡಿದ ಪರೀಕ್ಷೆ ನಂಬಬೇಡಿ, ಜುಲೈಯಲ್ಲಿ ಮಾಡಿ.

ನೆಲ ಒಣಗಿದ್ದೂ ಒಂದೆರಡು ಕಡೆ ಮಾತ್ರ ಉಬ್ಬಿದ್ದರೆ ಅಂಟು ಬಿಟ್ಟುಹೋದ ಜಾಗ ಅದು. ವಿನ್ಯಾಸದ ಗೆರೆಯ ಮೇಲೆ ಹೊಸ ಬ್ಲೇಡಿನಿಂದ ಸೀಳಿ, ಸಿರಿಂಜ್‌ನಲ್ಲಿ ವಿನೈಲ್ ಅಂಟು ತುಂಬಿ, ಅಂಚಿನಿಂದ ಸೀಳಿನ ಕಡೆಗೆ ಗಾಳಿ ಒತ್ತಿ ತೆಗೆದು, ಮೇಲೆ ಹೊರಬಂದ ಅಂಟನ್ನು ತಕ್ಷಣ ಒರೆಸಿ. ಪ್ಲಾಸ್ಟಿಕ್ ಹಾಳೆ, ಹಲಗೆ ಇಟ್ಟು ಒಂದು ದಿನ ಭಾರ ಹೇರಿ. ಬಳಸುವುದು ರಬ್ಬರ್ ಅಂಟಾದರೆ ಅದರ ಆವಿಗೆ ಬೆಂಕಿ ಹತ್ತುತ್ತದೆ. ಪಕ್ಕದ ಕೋಣೆಯಲ್ಲಿ ಸೌದೆ ಒಲೆ ಉರಿಯುತ್ತಿದ್ದರೂ ಡಬ್ಬಿ ತೆರೆಯಬೇಡಿ.

ಹರಿದ ಜಾಗಕ್ಕೆ ತೇಪೆ ಹಾಕುವಾಗ ಉಳಿದ ತುಂಡನ್ನು ವಿನ್ಯಾಸ ಕೂಡುವಂತೆ ಮೇಲಿಟ್ಟು ಟೇಪ್ ಹಚ್ಚಿ, ಎರಡೂ ಪದರವನ್ನು ಒಟ್ಟಿಗೇ ಕತ್ತರಿಸಿ. ಬೇರೆ ಬೇರೆ ಕತ್ತರಿಸಿದರೆ ಸಂದು ಕೂಡುವುದೇ ಇಲ್ಲ. ಸಂದಿಗೆ ಟ್ಯೂಬಿನಲ್ಲಿ ಬರುವ ಪಿವಿಸಿ ಕೋಲ್ಡ್ ವೆಲ್ಡ್ (ವಿನೈಲ್ ಅಂಚುಗಳನ್ನು ಕರಗಿಸಿ ಬೆಸೆಯುವ ದ್ರವ) ಹಾಕಿ; ಫೆವಿಕ್ವಿಕ್ ಗಡುಸಾಗಿ ಬಿರಿಯುತ್ತದೆ.

ಕೊಳ್ಳುವವರು ತೆಳು ಶೀಟ್ ಬಿಟ್ಟು 1.5 ಮಿ.ಮೀ. ಮೇಲ್ಪಟ್ಟದ್ದನ್ನೇ ಕೇಳಿ, ತೆಳುವಿನಲ್ಲಿ ನೆಲದ ಪ್ರತಿ ಮರಳು ಕಣವೂ ಮೂಡುತ್ತದೆ. ಅಗಲ ಸಾಮಾನ್ಯವಾಗಿ 2 ಮೀಟರ್, ಆದ್ದರಿಂದ 10 ಅಡಿ ಕೋಣೆಯಲ್ಲಿ ಸಂದು ತಪ್ಪದು. ಅದು ಬಾಗಿಲ ದಾರಿಯಲ್ಲಿ ಬಾರದಂತೆ ಹಾಸಲು ಹೇಳಿ. ಬಾಗಿಲಲ್ಲಿ ರಬ್ಬರ್ ತಳದ ಮ್ಯಾಟ್ ಹಾಕಬೇಡಿ: ರಬ್ಬರಿನ ರಾಸಾಯನಿಕ ವಿನೈಲಿಗೆ ಇಳಿದು ಹಳದಿ ಕಲೆ ಮಾಡುತ್ತದೆ, ಅದನ್ನು ಯಾವ ಸೋಪೂ ತೆಗೆಯದು, ಆ ತುಂಡನ್ನೇ ಬದಲಿಸಬೇಕು.