ಬೋ, ಚೆಲ್ಸಿ, ಡರ್ಬಿ: ಯಾರ ಮನೆಯ ದೇವರು ವಾಸಿ?

ಹಳೇ ಇಂಗ್ಲಿಷ್ ಪಿಂಗಾಣಿಯ ಒಂದೇ ಒಂದು ಗೊಂಬೆ ಕೊಳ್ಳುವ ಹಾಗಿದ್ದರೆ ಡರ್ಬಿ ಕಾರ್ಖಾನೆಯದು ಕೊಳ್ಳಿ. ಅದೂ ಸ್ವಲ್ಪ ಮುಕ್ಕಾದದ್ದು. ತೀರ್ಪು ಮೊದಲೇ ಹೇಳಿಬಿಟ್ಟೆ, ಈಗ ಕಾರಣಕ್ಕೆ ಬರೋಣ.

18ನೇ ಶತಮಾನದ ಇಂಗ್ಲಿಷ್ ಪಿಂಗಾಣಿಯಲ್ಲಿ ಗ್ರೀಕ್, ರೋಮನ್ ದೇವದೇವತೆಗಳನ್ನು ಹುಡುಕಿ ಹೊರಟರೆ ಎದುರಾಗುವ ದೊಡ್ಡ ಹೆಸರುಗಳು ಮೂರು: ಬೋ, ಚೆಲ್ಸಿ, ಡರ್ಬಿ. ನೂರು ವರ್ಷ ಈಚೆಗೆ ಬಂದರೆ ಪೇರಿಯನ್ ಎಂಬ ಬಗೆಯ ಪಿಂಗಾಣಿ. ಇವರೆಲ್ಲರ ನೆರಳಲ್ಲಿ ಪ್ಯಾರಿಸ್ಸಿನ ನಕಲುಗಾರ ಸ್ಯಾಮ್ಸನ್. ನಾನು ಇಂಗ್ಲೆಂಡಿನಲ್ಲಿ ತಿಂಗಳ ಸಂಬಳದ ಮೇಲೆ ಬದುಕುವವನು. ಹಾಗಾಗಿ ಬೋ, ಡರ್ಬಿ, ಪೇರಿಯನ್ ನನ್ನ ಕಪಾಟಿನಲ್ಲೇ ಇವೆ. ಚೆಲ್ಸಿಯನ್ನು ಮಾತ್ರ ಹರಾಜಿಗೆ ಮುಂಚೆ ಜನರಿಗೆ ನೋಡಲು ಬಿಡುತ್ತಾರಲ್ಲ, ಆಗ ಕೈಗೆತ್ತಿಕೊಂಡು ನೋಡಿದ್ದೇನೆ.

ಈ ಗೊಂಬೆಗಳು ಮೊದಲು ಹುಟ್ಟಿದ್ದು ಕಪಾಟಿಗಲ್ಲ, ಊಟದ ಮೇಜಿಗೆ. ಶ್ರೀಮಂತರ ಮನೆಯಲ್ಲಿ ಕೊನೆಗೆ ಸಿಹಿ ಬಡಿಸುವಾಗ ಮೇಜಿನ ನಡುವೆ ಸಕ್ಕರೆಯ ಗೊಂಬೆಗಳನ್ನು ಜೋಡಿಸುತ್ತಿದ್ದರು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ, ಆದರೆ ಭಾರೀ ಗಾತ್ರದಲ್ಲಿ. ಆ ಜಾಗಕ್ಕೆ ಪಿಂಗಾಣಿ ಬಂತು. ದೇವರುಗಳನ್ನು ಸೆಟ್ ಮಾಡಿಯೂ ಮಾರುತ್ತಿದ್ದರು. ನೀರಿಗೆ ನೆಪ್ಚೂನ್, ಗಾಳಿಗೆ ಜೂನೋ, ವಸಂತಕ್ಕೆ ಫ್ಲೋರಾ, ಸುಗ್ಗಿಗೆ ಸೆರೀಸ್. ಒಡೆದ ಸೆಟ್ಟಿನ ಒಂಟಿ ದೇವರು ಇವತ್ತು ಅಗ್ಗಕ್ಕೆ ಸಿಗುವುದು ಹೀಗೆ.

ಮೊದಲು ಬೋ. ಲಂಡನ್ನಿನ ಪೂರ್ವಕ್ಕಿದ್ದ ಕಾರ್ಖಾನೆ. ಎಡ್ವರ್ಡ್ ಹೇಲಿನ್ ಮತ್ತು ಥಾಮಸ್ ಫ್ರೈ 1744ರಲ್ಲಿ ಪೇಟೆಂಟ್ ತೆಗೆದುಕೊಂಡರು. ಫ್ರೈ ಐರ್ಲೆಂಡಿನ ಚಿತ್ರಕಾರ. ಮಣ್ಣಿಗೆ ಮೂಳೆ ಬೂದಿ ಬೆರೆಸಿದ್ದು ಇವರ ಗುಟ್ಟು. ಬೋ ಗೊಂಬೆಯನ್ನು ಎತ್ತಿದ ತಕ್ಷಣ ಗೊತ್ತಾಗುತ್ತದೆ, ಗಾತ್ರಕ್ಕೆ ಮೀರಿದ ತೂಕ. ಮಣ್ಣನ್ನು ಅಚ್ಚಿಗೆ ಕೈಯಿಂದ ಒತ್ತಿ ಮಾಡಿದ್ದು, ಅದಕ್ಕೇ ಗೋಡೆ ದಪ್ಪ. ಬೆನ್ನ ಹಿಂದೆ ಎಷ್ಟೋ ಸಲ ಒಂದು ಚೌಕದ ತೂತು ಇರುತ್ತದೆ. ಮೇಣದಬತ್ತಿ ನಿಲ್ಲಿಸುವ ಲೋಹದ ಕೊಂಬೆ ಸಿಕ್ಕಿಸೋದಕ್ಕೆ ಮಾಡಿದ್ದು.

ನನ್ನ ಬಳಿ ಇರುವುದು ಒಬ್ಬ ಮ್ಯೂಸ್, ಅಂದರೆ ಗ್ರೀಕರ ಕಲಾದೇವತೆ. ಗುಂಡು ಕೆನ್ನೆ, ಒಳಗೆ ಸರಿದ ಗಲ್ಲ, ಏನೋ ಹೇಳಲು ಹೊರಟು ಮರೆತವಳ ಮುಖ. ಕಲೆಯ ದೃಷ್ಟಿಯಿಂದ ದಡ್ಡ ಕೆಲಸ ಅನ್ನಬಹುದು. ಬಣ್ಣವೂ ಸ್ವಲ್ಪ ಜಾಸ್ತಿಯೇ. ಆದರೂ ಮನೆಗೆ ಬಂದವರು ಮೊದಲು ಕೈ ಚಾಚುವುದು ಇವಳ ಕಡೆಗೇ.

ಚೆಲ್ಸಿಯದು ಬೇರೆ ಲೋಕ. ಯಜಮಾನ ನಿಕೊಲಾಸ್ ಸ್ಪ್ರಿಮಾಂಟ್ ಬೆಳ್ಳಿ ಕೆಲಸದವನು, ಲೀಜ್ ಊರಿನಿಂದ ಬಂದವನು. 1751ರಲ್ಲಿ ಜರ್ಮನಿಯ ಮೈಸನ್ ಪಿಂಗಾಣಿಯನ್ನು ಒಬ್ಬ ರಾಯಭಾರಿಯ ಸಂಗ್ರಹದಿಂದ ಕಡ ತಂದು, ನೋಡಿ ನೋಡಿ ಮಾಡಿದರು. 1752ರಿಂದ 56ರವರೆಗೆ ಕೆಂಪು ಲಂಗರಿನ ಗುರುತು, ಆಮೇಲೆ 1769ರವರೆಗೆ ಚಿನ್ನದ ಲಂಗರು. ಕೆಂಪು ಲಂಗರಿನ ಕಾಲದ ಕೆಲಸಕ್ಕೆ ನಾನು ಸೋತೆ. ಕೈಬೆರಳು, ಬಟ್ಟೆಯ ಮಡಿಕೆ, ತುಟಿ, ಎಲ್ಲ ಹದವಾಗಿ. ಬಣ್ಣ ಎಷ್ಟು ಬೇಕೋ ಅಷ್ಟೇ, ಉಳಿದಲ್ಲಿ ಬಿಳಿಯನ್ನೇ ಬಿಟ್ಟಿದ್ದಾರೆ. ಚಿನ್ನದ ಲಂಗರಿನ ಕಾಲಕ್ಕೆ ಬಂದಾಗ ಹಿಂದೆ ಹೂಗಿಡದ ಪೊದೆ, ಮೈತುಂಬ ಚಿನ್ನ. ದೇವಿ ಎಲ್ಲಿದ್ದಾಳೆ ಅಂತ ಹುಡುಕಬೇಕು. ಜನ ಅದಕ್ಕೇ ಜಾಸ್ತಿ ದುಡ್ಡು ಕೊಡುತ್ತಾರೆ, ನನಗಂತೂ ಬೇಡ. ಕೆಂಪು ಲಂಗರು ಬೇಕು, ಜೇಬು ಒಪ್ಪುವುದಿಲ್ಲ.

ಇನ್ನು ಡರ್ಬಿ. 1756ರಿಂದ ಇಲ್ಲಿ ಕಾರ್ಖಾನೆ ಬೆಳೆಸಿದವನು ವಿಲಿಯಂ ಡ್ಯೂಸ್‌ಬರಿ. ಅದಕ್ಕೂ ಮುಂಚೆ ಲಂಡನ್ನಿನಲ್ಲಿ ಬಣ್ಣ ಹಚ್ಚುವ ಅಂಗಡಿ ಇಟ್ಟಿದ್ದ. 1751ರಿಂದ 53ರವರೆಗಿನ ಅವನ ಲೆಕ್ಕದ ಪುಸ್ತಕ ಉಳಿದಿದೆ. ಅದರಲ್ಲಿ ಬೋ, ಚೆಲ್ಸಿ, ಡರ್ಬಿ ಮೂರೂ ಕಡೆಯ ಗೊಂಬೆಗಳಿಗೆ ಬಣ್ಣ ಹಚ್ಚಿದ ಲೆಕ್ಕವಿದೆ. ಪೈಪೋಟಿಯವರ ಸರಕೆಲ್ಲ ಕೈಯಲ್ಲಿ ಹಾದುಹೋದ ಮೇಲೆ ತನ್ನದೇ ಕಾರ್ಖಾನೆಗೆ ಇಳಿದ ಆಸಾಮಿ. 1770ರ ಹೊತ್ತಿಗೆ ಚೆಲ್ಸಿಯನ್ನೇ ಕೊಂಡುಬಿಟ್ಟ!

ನನ್ನ ಡರ್ಬಿ ಗೊಂಬೆ ಮಿನರ್ವಾ, ರೋಮನ್ನರ ಜ್ಞಾನದೇವತೆ. ತಲೆಗೆ ಶಿರಸ್ತ್ರಾಣ, ಎದೆಗೆ ಕವಚ, ಗುರಾಣಿಯ ಮೇಲೆ ಮೆಡೂಸಾಳ ತಲೆ, ಕಾಲ ಬಳಿ ಪುಸ್ತಕದ ಮೇಲೆ ಕೂತ ಗೂಬೆ. ನಮ್ಮವರಿಗೆ ಈ ದೇವರುಗಳನ್ನು ಗುರುತಿಸೋದು ಸುಲಭ, ವಾಹನ ಆಯುಧ ನೋಡಿ ದೇವರ ಹೆಸರು ಹೇಳುವುದು ಚಿಕ್ಕಂದಿನಿಂದ ರೂಢಿ ಅಲ್ವಾ? ಹದ್ದಿದ್ದರೆ ಜುಪಿಟರ್, ನವಿಲಿದ್ದರೆ ಜೂನೋ, ಡಾಲ್ಫಿನ್ ಇದ್ದರೆ ನೆಪ್ಚೂನ್.

ಮಿನರ್ವಾಳನ್ನು ತಿರುವಿ ಹಾಕಿದರೆ ಅಸಲಿ ಕಥೆ ಶುರು. ತಳದಲ್ಲಿ ನಾಣ್ಯದಗಲದ ಮೂರು ಮಬ್ಬು ಮಚ್ಚೆಗಳು. ಆವಿಗೆಯೊಳಗೆ ಗೊಂಬೆಯನ್ನು ಮಣ್ಣಿನ ಸಣ್ಣ ಉಂಡೆಗಳ ಮೇಲೆ ನಿಲ್ಲಿಸುತ್ತಿದ್ದರು, ಅದರ ಕಲೆ. ನಡುವೆ ಗಾಳಿ ಹೋಗಲು ತೂತು, ಬಾಯಿ ಅಗಲವಾಗಿ ಒಳಗೆ ಕಿರಿದಾಗುವಂಥದ್ದು. ಮಣ್ಣಿನ ಗಂಜಿಯನ್ನು ಅಚ್ಚಿಗೆ ಹೊಯ್ದು ಮಾಡಿದ್ದರಿಂದ ಬೋಗಿಂತ ಹಗುರ. ಬುಡದ ಹಸಿರು ನೀಲಿ ಬಣ್ಣ ಅಲ್ಲಲ್ಲಿ ಕಂದಿ ಕಂದು ತಿರುಗಿದೆ. ಅದೂ ಆ ಕಾಲದ ಡರ್ಬಿಯ ಲಕ್ಷಣವೇ, ಕೊಳೆ ಅಂದುಕೊಂಡು ಉಜ್ಜಬೇಡಿ. ಕಾರ್ಖಾನೆಯ ಗುರುತು ಇಲ್ಲವೇ ಇಲ್ಲ. ಆಗಿನ ಡರ್ಬಿ ಗೊಂಬೆಗಳಿಗೆ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಹಳೇ ಸಂಗ್ರಹಗಾರರು ಇಂಥವನ್ನು ಚೆಲ್ಸಿ ಅಂತಲೋ ಬೋ ಅಂತಲೋ ಬರೆದಿಟ್ಟಿದ್ದುಂಟು. ಗುರುತಿಗೆ ದುಡ್ಡು ಕೊಡುವವರು ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಮಗೆ ಅದೇ ಲಾಭ.

ಮಿನರ್ವಾಳ ಬಲಗೈಯ ಎರಡು ಬೆರಳು ಇಲ್ಲ. ಈಟಿಯೂ ಇಲ್ಲ. ವಿಡಿಯೋ ಕರೆಯಲ್ಲಿ ತೋರಿಸಿದಾಗ ಅಮ್ಮ, "ಭಿನ್ನವಾದ ಮೂರ್ತಿ ಮನೇಲಿ ಇಡಬಾರದು ಕಣೋ" ಅಂದರು. "ಪೂಜೆಗಲ್ಲಮ್ಮ, ಶೋಕೇಸಿಗೆ" ಅಂದೆ. ಒಪ್ಪಲಿಲ್ಲ. ಆದರೆ ಈ ವಯಸ್ಸಿನ ಗೊಂಬೆಯಲ್ಲಿ ಹತ್ತೂ ಬೆರಳು ನೆಟ್ಟಗಿದ್ದರೆ ನನಗೆ ಅನುಮಾನವೇ ಜಾಸ್ತಿ. ಕಾಣುವ ಮುಕ್ಕಿಗೆ ಹೆದರಬೇಡಿ, ಕಾಣದ ತೇಪೆಗೆ ಹೆದರಿ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಹೊಸದಾಗಿ ಬಳಿದ ಜಾಗ ಬೇರೆ ಬಣ್ಣದಲ್ಲಿ ಹೊಳೆದು ಸಿಕ್ಕಿಬೀಳುವುದುಂಟು. ಕುತ್ತಿಗೆ, ಮಣಿಕಟ್ಟು, ಹಿಡಿದ ಆಯುಧ, ಈ ಮೂರು ಕಡೆ ಮೊದಲು ನೋಡಿ.

ಪೇರಿಯನ್ ಬಗ್ಗೆ ಎರಡು ಮಾತು ಸಾಕು. 1840ರ ದಶಕದಲ್ಲಿ ಬಂದ, ಅಮೃತಶಿಲೆಯಂತೆ ಕಾಣುವ ಪಿಂಗಾಣಿ. ಕೋಪ್‌ಲ್ಯಾಂಡ್, ಮಿಂಟನ್ ಇದರಲ್ಲಿ ಹೆಸರು ಮಾಡಿದರು. ಸುಟ್ಟಾಗ ಕಾಲುಭಾಗದವರೆಗೂ ಕುಗ್ಗುತ್ತಿತ್ತಂತೆ, ಹಾಗಿದ್ದೂ ಮೂಗು ಮುಖ ಇಷ್ಟು ಚೊಕ್ಕ. ನನ್ನದು ಗ್ರೀಕ್ ಪುರಾಣದ ಅಪ್ಸರೆ ಕ್ಲೈಟಿಯ ಎದೆಮಟ್ಟದ ಪ್ರತಿಮೆ. ಮೂಲ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಚಾರ್ಲ್ಸ್ ಟೌನ್ಲಿ ಸಂಗ್ರಹದ ಅಮೃತಶಿಲೆ. ಚೆಂದವೇನೋ ಹೌದು. ಆದರೆ ತಣ್ಣಗೆ, ದೂರ. ಮಡಿಕೆಗಳಲ್ಲಿ ಧೂಳು ಕೂತರೆ ಮೆತ್ತನೆ ಬ್ರಷ್ಷು, ಸಾಬೂನು ನೀರು ಹಿಡಿದು ಕೂರಬೇಕು.

ಸ್ಯಾಮ್ಸನ್ ಗೊಂಬೆಯೊಂದನ್ನು ನಕಲು ಅಂತ ಗೊತ್ತಿದ್ದೇ ಕೊಂಡೆ, ಪಾಠಕ್ಕೆ. ಎಡ್ಮೆ ಸ್ಯಾಮ್ಸನ್ 1845ರಲ್ಲಿ ಶುರು ಮಾಡಿದ ಅಂಗಡಿ. ಅವರ ಮಣ್ಣು ಗಟ್ಟಿ ಜಾತಿಯದು, ಮೂಲ ಚೆಲ್ಸಿ, ಡರ್ಬಿಯದು ಮೆದು ಜಾತಿಯದು. ಮಿನರ್ವಾ ಪಕ್ಕ ಇಟ್ಟು ನೋಡಿದರೆ ಸ್ಯಾಮ್ಸನ್ನಿನ ಬಿಳಿಯಲ್ಲಿ ಬೂದಿ ಛಾಯೆ, ಗಾಜಿನ ಹೊಳಪು. ಮಿನರ್ವಾಳದು ಬೆಚ್ಚಗಿನ ಬಿಳಿ, ಗ್ಲೇಜ್, ಅಂದರೆ ಗಾಜಿನಂಥ ಹೊರಲೇಪ, ಮಡಿಕೆಗಳಲ್ಲಿ ಸ್ವಲ್ಪ ನಿಂತಿದೆ. ಮುಕ್ಕಾದ ಜಾಗದಲ್ಲಿ ಸ್ಯಾಮ್ಸನ್ನಿನದು ನುಣುಪು, ಮಿನರ್ವಾಳದು ಒರಟು. ಲಂಗರಿನ ಗಾತ್ರವೂ ಸುಳಿವು ಕೊಡುತ್ತದೆ: ಅಸಲಿ ಚೆಲ್ಸಿಯದು ಅಕ್ಕಿಕಾಳಿಗಿಂತ ದೊಡ್ಡದಿರುವುದು ಅಪರೂಪ, ನಕಲಿನದು ದೂರದಿಂದಲೇ ಕಾಣುತ್ತದೆ.

ಕೊಳ್ಳುವ ಮುಂಚೆ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ. ಲೇಡಿ ಶಾರ್ಲೆಟ್ ಶ್ರೈಬರ್ 1884ರಲ್ಲಿ ಕೊಟ್ಟ ಸಂಗ್ರಹ ಅಲ್ಲಿದೆ. ಡರ್ಬಿ ಊರಿನ ಮ್ಯೂಸಿಯಂ ಕೂಡ ನೋಡಿ. ಹರಾಜಿನವರು ಕಳಿಸುವ ಫೋಟೋಗಳಲ್ಲಿ ಮುಖವೇ ತುಂಬಿರುತ್ತದೆ. ಬೆನ್ನಿನದೂ ತಳದ್ದೂ ಕೇಳಿ ತರಿಸಿಕೊಳ್ಳಿ. ಕೊಡಲ್ಲ ಅಂದರೆ ಆ ಗೊಂಬೆ ಬೇಡ.